ಕಾಫಿ ಸೀಮೆಯ ಚರ್ಚ್ ದಾಖಲೆಗಳು ಮತ್ತು ವಂಶಾವಳಿ ಶೋಧನೆ

ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸದ ಕಾಫಿ ಸೀಮೆಯಲ್ಲಿ ನೆಲೆಸಿದ್ದ ಐರೋಪ್ಯ, ಆಂಗ್ಲೋ-ಇಂಡಿಯನ್ ಹಾಗೂ ಸ್ಥಳೀಯ ಕ್ರೈಸ್ತ ಕುಟುಂಬಗಳ ಪೂರ್ವಜರನ್ನು ಗುರುತಿಸಲು ಮುಖ್ಯ ಆಧಾರವೆಂದರೆ ದೀಕ್ಷಾಸ್ನಾನ, ವಿವಾಹ ಮತ್ತು ಸಮಾಧಿಗಳ ಚರ್ಚ್ ದಾಖಲೆಗಳು.

ಹಿನ್ನೆಲೆ

ಬಾಬಾಬುಡನ್‌ಗಿರಿಯ ದಕ್ಷಿಣದ ಬೆಟ್ಟಸಾಲಿನಲ್ಲಿ ಕ್ಯಾನನ್ ಎಂಬ ತೋಟಗಾರನು ಸುಮಾರು 1830ರಲ್ಲಿ ಈ ಭಾಗದ ಮೊದಲ ಐರೋಪ್ಯ ಕಾಫಿ ತೋಟವನ್ನು ಆರಂಭಿಸಿದನು. ಅನಂತರ ಬಂದ ತೋಟಗಾರರಲ್ಲಿ ಹಲವರು ಇಲ್ಲಿಯೇ ಸಂಸಾರ ಹೂಡಿದರು. ಇಂದು ಅವರ ವಂಶಜರು ಹಲವು ದೇಶಗಳಲ್ಲಿ ಹಂಚಿಹೋಗಿದ್ದಾರೆ.

ಸೂಚಿಗಳು

ಆಂಗ್ಲಿಕನ್ ಪಾದ್ರಿಗಳು ದಾಖಲಿಸಿದ ವಿವರಗಳ ಪ್ರತಿಗಳು ಪ್ರಾಂತ್ಯದ ಕೇಂದ್ರದ ಮೂಲಕ ಲಂಡನ್ನಿಗೆ ಹೋಗುತ್ತಿದ್ದವು. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿ ಇವನ್ನು ಬಂಗಾಳ, ಮದ್ರಾಸ್ ಮತ್ತು ಬೊಂಬಾಯಿ ಎಂಬ ಮೂರು ಶ್ರೇಣಿಗಳಲ್ಲಿ ಇರಿಸಲಾಗಿದೆ. ಮೈಸೂರು ದೇಶೀಯ ಸಂಸ್ಥಾನವಾಗಿದ್ದರೂ ಅಲ್ಲಿನ ನಮೂದುಗಳನ್ನು ಮದ್ರಾಸ್ ಶ್ರೇಣಿಯಲ್ಲಿ ಹುಡುಕಬೇಕು. 1998ರಲ್ಲಿ ಸ್ಥಾಪನೆಯಾದ ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿಯ ಸ್ವಯಂಸೇವಕರು ಇಂತಹ ದಾಖಲೆಗಳನ್ನು ಗಣಕೀಕರಿಸುತ್ತಿದ್ದಾರೆ.

ಸೂಚಿಯು ದಾರಿ ತೋರಿಸುತ್ತದೆ, ಪುರಾವೆಯಾಗುವುದಿಲ್ಲ. ಅದರಲ್ಲಿ ಹೆಸರು ಮತ್ತು ವರ್ಷ ಇರುತ್ತವೆ. ತಂದೆಯ ಉದ್ಯೋಗ, ತಾಯಿಯ ಹೆಸರು, ಮಗು ಹುಟ್ಟಿದ ದಿನ ಮೂಲಪುಟದಲ್ಲಿ ಮಾತ್ರ ಸಿಗಬಹುದು. ಪ್ರತಿಯ ಪ್ರತಿಯಾದುದರಿಂದ ಕೈಬರಹದ ತಪ್ಪುಗಳೂ ಸಾಮಾನ್ಯ. ಊರಿನ ಹೆಸರಂತೂ ಶೋಧಕರನ್ನು ಹೆಚ್ಚು ದಣಿಸುತ್ತದೆ. ಚಿಕ್ಕಮಗಳೂರು ಜಿಲ್ಲೆಯನ್ನು 1947ರವರೆಗೆ ಕಡೂರು ಜಿಲ್ಲೆ ಎನ್ನಲಾಗುತ್ತಿತ್ತು. ಕಳಸವು ದೀರ್ಘಕಾಲ ಮೂಡಿಗೆರೆ ತಾಲ್ಲೂಕಿಗೆ ಸೇರಿತ್ತು. ತೋಟದಲ್ಲಿ ಹುಟ್ಟಿದ ಮಗುವಿಗೆ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ತಿಂಗಳುಗಳ ನಂತರ ದೀಕ್ಷಾಸ್ನಾನವಾಗಿರುವ ಸಾಧ್ಯತೆಯೂ ಉಂಟು. ಆದ್ದರಿಂದ ಒಂದೇ ಊರಿನ ಹೆಸರಿನಿಂದ ಹುಡುಕಿ, ದಾಖಲೆ ಇಲ್ಲವೆಂದು ತೀರ್ಮಾನಿಸುವುದು ಸರಿಯಲ್ಲ.

ಕ್ಯಾಥೊಲಿಕ್ ಕುಟುಂಬಗಳ ವಿವರಗಳು ಆಯಾ ಧರ್ಮಕೇಂದ್ರದ ಪುಸ್ತಕಗಳಲ್ಲಿವೆ. ಹಳೆಯವು ಬಹುತೇಕ ಲ್ಯಾಟಿನ್ ಭಾಷೆಯಲ್ಲಿದ್ದು, ಹೆಸರುಗಳೂ ಲ್ಯಾಟಿನ್ ರೂಪ ತಾಳಿರುತ್ತವೆ. ಚಿಕ್ಕಮಗಳೂರು ಧರ್ಮಪ್ರಾಂತ್ಯವು 1963ರಲ್ಲಿ ಮೈಸೂರಿನಿಂದ ಬೇರ್ಪಟ್ಟುದರಿಂದ ಅದಕ್ಕೂ ಹಿಂದಿನ ಪತ್ರವ್ಯವಹಾರಕ್ಕೆ ಮೈಸೂರನ್ನು ನೋಡಬೇಕಾಗುತ್ತದೆ.

ತೋಟಗಾರನ ಮನೆತನವು ಇಂಗ್ಲೆಂಡಿನಲ್ಲಿ ಕ್ವೇಕರ್ ಪಂಥಕ್ಕೆ ಸೇರಿದ್ದರೆ ಶೋಧದ ವಿಧಾನವೇ ಬದಲಾಗುತ್ತದೆ. ಕ್ವೇಕರರಲ್ಲಿ ದೀಕ್ಷಾಸ್ನಾನವಿಲ್ಲ, ಜನನ, ವಿವಾಹ, ಮರಣಗಳನ್ನು ಅವರ ಸಭೆಗಳೇ ದಾಖಲಿಸುತ್ತಿದ್ದವು. ತಿಂಗಳಿಗೆ ಹೆಸರಿನ ಬದಲು ಸಂಖ್ಯೆ ಬಳಸುತ್ತಿದ್ದುದರಿಂದ, 1752ಕ್ಕಿಂತ ಹಿಂದಿನ ಇಂಗ್ಲೆಂಡಿನ ನಮೂದಿನಲ್ಲಿ ಮೊದಲನೆಯ ತಿಂಗಳು ಎಂದರೆ ಮಾರ್ಚ್.

ದಾಖಲೆಗಳ ಮಿತಿ

ಐರೋಪ್ಯ ತಂದೆಗೆ ಸ್ಥಳೀಯ ಸ್ತ್ರೀಯಲ್ಲಿ ಹುಟ್ಟಿದ ಮಕ್ಕಳ ವಿಷಯದಲ್ಲಿ ನಮೂದುಗಳು ಹಲವೊಮ್ಮೆ ಮೌನವಾಗಿವೆ. ತಾಯಿಗೆ ಕ್ರೈಸ್ತ ಹೆಸರೊಂದನ್ನು ಮಾತ್ರ ಕೊಟ್ಟು ಆಕೆಯ ಮನೆತನವನ್ನು ಬಿಟ್ಟಿರುವುದುಂಟು. ತಂದೆಯ ಹೆಸರೇ ಇಲ್ಲದಿರುವುದೂ ಉಂಟು. ಅಂತಹ ಸಂದರ್ಭದಲ್ಲಿ ಉಯಿಲುಗಳು ನೆರವಾಗುತ್ತವೆ: ಚರ್ಚಿನ ಪುಸ್ತಕದಲ್ಲಿ ಒಪ್ಪಿಕೊಳ್ಳದ ಮಗುವಿಗೆ ಉಯಿಲಿನಲ್ಲಿ ಹಣ ಬಿಟ್ಟಿರುವ ಸಾಧ್ಯತೆ ಇರುತ್ತದೆ. ತೋಟಗಳನ್ನು ಕಟ್ಟಿದ ಕೂಲಿಕಾರರಲ್ಲಿ ಕ್ರೈಸ್ತರಲ್ಲದವರು ಈ ಪುಸ್ತಕಗಳಲ್ಲಿ ಬರುವುದಿಲ್ಲ. ಅವರ ಹೆಸರುಗಳು ಉಳಿದಿದ್ದರೆ ತೋಟದ ಹಾಜರಿ ಪುಸ್ತಕ ಮತ್ತು ಮೇಸ್ತ್ರಿಯ ಮುಂಗಡದ ಲೆಕ್ಕಗಳಲ್ಲಿ ಉಳಿದಿರಬೇಕು.

ಬರಹದ ಸೂಚಿಗಳಿಗೆ ಹೊರತಾದ ಪರಂಪರೆಯೂ ಕರ್ನಾಟಕದಲ್ಲಿದೆ. ಹೆಳವರು ಎತ್ತಿನ ಮೇಲೆ ಊರೂರು ತಿರುಗಿ, ಒಕ್ಕಲು ಮನೆತನಗಳ ವಂಶಾವಳಿಯನ್ನು ಹಾಡಿ ಹೇಳುತ್ತ, ಹೊಸದಾಗಿ ಹುಟ್ಟಿದವರ ಹೆಸರುಗಳನ್ನು ಸೇರಿಸಿಕೊಂಡು ಹೋಗುತ್ತಾರೆ.