ಮನೆಯಲ್ಲಿ ಜೋಡಿಸಿದ ಗಣಕಯಂತ್ರದ ಆಕಸ್ಮಿಕ ನಿಲುಗಡೆ: ಕಾರಣಶೋಧನೆಯ ಕ್ರಮ

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲೂಕುಗಳ ಹಳ್ಳಿಗಳಲ್ಲಿ, ಬಿಡಿಭಾಗಗಳನ್ನು ಹುಬ್ಬಳ್ಳಿಯ ಪೇಟೆಯಿಂದ ತಂದು ಮನೆಯಲ್ಲಿಯೇ ಗಣಕಯಂತ್ರವನ್ನು ಜೋಡಿಸಿಕೊಳ್ಳುವವರುಂಟು. ಅಂಥ ಯಂತ್ರವು ಕೆಲವೊಮ್ಮೆ ಮುನ್ಸೂಚನೆಯಿಲ್ಲದೆ ಸ್ತಬ್ಧವಾಗುವದು, ನೀಲಿ ಪರದೆಯನ್ನು ತೋರಿಸುವದು, ಇಲ್ಲವೆ ತಾನಾಗಿಯೇ ಆರಿ ಮತ್ತೆ ಚಾಲೂ ಆಗುವದು. ಸಿದ್ಧಯಂತ್ರಕ್ಕೆ ಒಬ್ಬನೇ ತಯಾರಕನು ಹೊಣೆ. ಇಲ್ಲಿಯಾದರೋ ಹಲವು ತಯಾರಕರ ಭಾಗಗಳು ಕೂಡಿರುವದರಿಂದ ದೋಷವು ಯಾವುದರದೆಂದು ನಿರ್ಣಯಿಸುವ ಭಾರವು ಜೋಡಿಸಿದವನ ಮೇಲೆಯೇ ಬೀಳುವದು. ಆ ನಿರ್ಣಯದ ಕ್ರಮವನ್ನು ವಿವರಿಸುವದು ಪ್ರಸ್ತುತ ಲೇಖನದ ಉದ್ದೇಶ. ಸಾಕ್ಷ್ಯವನ್ನು ಕೂಡಿಸಿ, ಕಾಲವನ್ನು ಗುರುತಿಸಿ, ಹೋಲಿಸಿ ನೋಡಿ ಕಾರಣಕ್ಕೆ ಬರುವ ಈ ಮಾರ್ಗವು ಇತಿಹಾಸದ ವಿದ್ಯಾರ್ಥಿಗೆ ಅಪರಿಚಿತವಲ್ಲ.

ಮೊದಲನೆಯ ಸಾಧನವು ದಿನಚರಿ. ಯಂತ್ರವು ನಿಂತ ದಿನ, ಗಳಿಗೆ, ಆಗ ನಡೆದಿದ್ದ ಕೆಲಸ, ಕೋಣೆಯ ಸೆಕೆ, ವಿದ್ಯುತ್ತಿನ ಸ್ಥಿತಿ ಇವನ್ನು ಬರೆದಿಡಬೇಕು. ವಿಂಡೋಸ್ ವ್ಯವಸ್ಥೆಯು ತಾನೂ ಒಂದು ದಾಖಲೆಯನ್ನಿಡುತ್ತದೆ. ಅದರಲ್ಲಿ ‘ಕರ್ನಲ್-ಪವರ್ 41’ ಎಂಬ ನಮೂದನ್ನು ಕಂಡೊಡನೆ ವಿದ್ಯುತ್ ಪೂರೈಕೆಯೇ ಕೆಟ್ಟಿದೆಯೆಂದು ಭಾವಿಸುವವರು ಬಹಳ. ವಸ್ತುತಃ ಯಂತ್ರವು ಕ್ರಮಬದ್ಧವಾಗಿ ಮುಚ್ಚದೆ ಮತ್ತೆ ಚಾಲೂ ಆಯಿತೆಂಬುದಿಷ್ಟನ್ನೇ ಆ ನಮೂದು ಹೇಳುತ್ತದೆ. ಅಕ್ಷರ ಸವೆದ ವೀರಗಲ್ಲು ವೀರನು ಮಡಿದನೆಂದು ತಿಳಿಸುವದೇ ಹೊರತು ಯಾವ ಕಾಳಗದಲ್ಲೆಂದು ತಿಳಿಸಲಾರದು.

ಎರಡನೆಯ ನಿಯಮ, ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ಭಾಗಗಳನ್ನು ಒಮ್ಮೆಗೇ ಬದಲಿಸಿದರೆ ದೋಷವು ಹೋದರೂ ಕಾರಣವು ತಿಳಿಯದು, ಹಣವೂ ವ್ಯರ್ಥ. ಪ್ರತಿ ಬದಲಾವಣೆಯ ತರುವಾಯ ಕಾಯಬೇಕು. ಮೂರು ದಿನಕ್ಕೊಮ್ಮೆ ನಿಲ್ಲುತ್ತಿದ್ದ ಯಂತ್ರವು ಒಂದು ದಿನ ನಿಲ್ಲದಿದ್ದರೆ ಏನೂ ಸಿದ್ಧವಾಗದು. ಒಂಬತ್ತು ಹತ್ತು ದಿನ ನಿರಾತಂಕವಾಗಿ ನಡೆದರೆ ಮಾತ್ರ ನಂಬಬಹುದು.

ಖರ್ಚಿಲ್ಲದ ಪರೀಕ್ಷೆಗಳು ಮೊದಲು ನಡೆಯಲಿ. ಸ್ಮೃತಿಫಲಕಗಳನ್ನು, ಎಂದರೆ ರ‍್ಯಾಮ್ ಅನ್ನು, ಹೆಚ್ಚಿನ ವೇಗದಲ್ಲಿ ಓಡಿಸುವ ‘ಎಕ್ಸ್‌ಎಂಪಿ’ ಮೊದಲಾದ ಏರ್ಪಾಡುಗಳನ್ನು ತೆಗೆದು, ಬಯಾಸ್ ಅನ್ನು ಮೂಲಸ್ಥಿತಿಗೆ ತರಬೇಕು. ಅನಂತರ ಉಷ್ಣತೆಯ ವಿಚಾರ. ನವಲಗುಂದದ ಎರೆಭೂಮಿಯ ಧೂಳು ಬೇಸಿಗೆಯಲ್ಲಿ ಪಂಖಗಳಲ್ಲಿಯೂ ಶೀತಕದ ಹಲ್ಲುಗಳಲ್ಲಿಯೂ ತುಂಬಿ ಗಾಳಿಯನ್ನು ತಡೆಯುವದು. ಅನೇಕ ಸಂಸ್ಕಾರಕಗಳು ಸುಮಾರು 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ವೇಗವನ್ನು ತಗ್ಗಿಸಿಕೊಳ್ಳುವವು. ಅದನ್ನೂ ಮೀರಿದರೆ ಯಂತ್ರವು ಆರುವದು. ಭಾರದ ಕೆಲಸವನ್ನು ಹಚ್ಚಿದ ಇಪ್ಪತ್ತು ನಿಮಿಷಕ್ಕೆ ನಿಲ್ಲುವ ಯಂತ್ರದಲ್ಲಿ ಮೊದಲ ಸಂಶಯವು ಉಷ್ಣತೆಯ ಮೇಲಿರಬೇಕು. ಮಲೆನಾಡಿನ ಸೆರಗಿನ ಕಲಘಟಗಿಯಲ್ಲಿ ಮಳೆಗಾಲದ ತೇವವು ಲೋಹದ ಸಂಪರ್ಕಗಳನ್ನು ಕೆಡಿಸಬಹುದು. ಸ್ಮೃತಿಫಲಕಗಳನ್ನು ಬಿಚ್ಚಿ, ಒರೆಸಿ, ಮತ್ತೆ ಕೂಡಿಸುವದರಿಂದಲೇ ಕೆಲವು ದೋಷಗಳು ನೀಗುವವು.

ಮೂರನೆಯದು ವಿದ್ಯುತ್ತು. ನಿಯಮಿತ ಒತ್ತಡವು 230 ವೋಲ್ಟ್. ಹೊಲದ ಪಂಪುಗಳು ಒಟ್ಟಿಗೆ ಚಾಲೂ ಆದಾಗ ಅದು ಕುಗ್ಗುವದನ್ನು ಹಳ್ಳಿಯವರೆಲ್ಲ ಬಲ್ಲರು. ಯಂತ್ರದ ವಿದ್ಯುತ್ ಪೆಟ್ಟಿಗೆಯು ಪೂರ್ಣಭಾರದಲ್ಲಿ ಸುಮಾರು 16 ಮಿಲಿಸೆಕೆಂಡಿನಷ್ಟು ಖಂಡನವನ್ನು ಮಾತ್ರ ತಾಳಬಲ್ಲದು. ಮನೆಯ ಇನ್ವರ್ಟರಿನಲ್ಲಿ ‘ಯುಪಿಎಸ್’ ಎಂಬ ಸ್ವಿಚ್ಚಿದ್ದರೆ ಅದನ್ನೇ ಬಳಸಬೇಕು. ಇನ್ನೊಂದು ಸ್ಥಿತಿಯಲ್ಲಿ ಬ್ಯಾಟರಿಗೆ ಹೊರಳುವ ಕಾಲವು ದೀರ್ಘವಾಗಿರುವದು. ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿಯುವದರಿಂದ ಅರ್ಥಿಂಗ್ ಸಲಾಕೆಗೂ ಮಣ್ಣಿಗೂ ಸಂಪರ್ಕವು ಸಡಿಲಾಗುವದು. ಪೆಟ್ಟಿಗೆಯನ್ನು ಮುಟ್ಟಿದಾಗ ಜುಮ್ಮೆಂದರೆ ತಿಳಿದ ವೈರಮನ್‌ನಿಂದ ಪರೀಕ್ಷೆ ಮಾಡಿಸಬೇಕು. ವಿದ್ಯುತ್ ಪೆಟ್ಟಿಗೆಯನ್ನು ಮಾತ್ರ ಯಾರೂ ಬಿಚ್ಚಲಾಗದು. ತಂತಿಯನ್ನು ಕಿತ್ತ ಮೇಲೆಯೂ ಅದರೊಳಗೆ ಅಪಾಯಕರವಾದ ವಿದ್ಯುತ್ತು ಉಳಿದಿರುವದುಂಟು.

ಇವೆಲ್ಲ ನಿರ್ದೋಷವೆಂದಾದರೆ ‘ಮೆಮ್‌ಟೆಸ್ಟ್86’ ಎಂಬ ಕ್ರಮವಿಧಿಯಿಂದ ಸ್ಮೃತಿಯನ್ನು ರಾತ್ರಿಯಿಡೀ ಪರೀಕ್ಷಿಸಬೇಕು. ಒಂದೇ ತಪ್ಪು ಕಂಡರೂ ಉಪೇಕ್ಷಿಸದೆ, ಫಲಕಗಳನ್ನು ಒಂದೊಂದಾಗಿ ಇರಿಸಿ ಮತ್ತೆ ಪರೀಕ್ಷಿಸಬೇಕು.

ಎಲ್ಲಕ್ಕೂ ಕೊನೆಗೆ ಸಂಶಯಿಸುವ ಸಂಸ್ಕಾರಕವೇ ಅಪರಾಧಿಯಾಗಿರುವದೂ ಉಂಟು. ಇಂಟೆಲ್ ಸಂಸ್ಥೆಯ 13 ಮತ್ತು 14ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಸಂಸ್ಕಾರಕಗಳು ಮಿತಿಮೀರಿದ ವೋಲ್ಟೇಜಿನಿಂದ ಕ್ರಮೇಣ ಅಸ್ಥಿರವಾಗುತ್ತಿರುವವೆಂದು ಆ ಸಂಸ್ಥೆಯೇ 2024ರ ಜುಲೈಯಲ್ಲಿ ಒಪ್ಪಿಕೊಂಡಿತು. ಆಗಸ್ಟಿನಿಂದ ಬಯಾಸ್ ಮೂಲಕ ತಿದ್ದುಪಡಿಗಳು ಬಂದವು. ಖಾತರಿಯ ಅವಧಿಯು ಎರಡು ವರ್ಷ ಹೆಚ್ಚಿತು. ಆದರೆ ಈಗಾಗಲೇ ಹಾನಿಗೊಂಡ ಸಂಸ್ಕಾರಕವನ್ನು ಆ ತಿದ್ದುಪಡಿಯು ಸರಿಪಡಿಸಲಾರದು. ಅಂಥದನ್ನು ಬದಲಿಸಿಕೊಳ್ಳುವದೇ ಉಪಾಯ.

ಇಷ್ಟು ಶ್ರಮವೇಕೆ, ನಿಂತರೆ ಮತ್ತೆ ಚಾಲೂ ಮಾಡಿದರಾಯಿತಲ್ಲ ಎಂದು ಕೆಲವರು ಕೇಳಬಹುದು. ಯಂತ್ರವನ್ನು ನಿಲ್ಲಿಸುವ ಕೆಟ್ಟ ಸ್ಮೃತಿಯು, ನಿಲ್ಲಿಸದಿರುವಾಗಲೂ ಅದರ ಮೂಲಕ ಹಾಯುವ ಬರಹವನ್ನು ಕೆಡಿಸುತ್ತಿರಬಹುದೆಂಬುದೇ ಇದಕ್ಕೆ ಉತ್ತರ. ಯುನಿಕೋಡ್ ಸಂಕೇತದಲ್ಲಿ ‘ಕ’ ಮತ್ತು ‘ಗ’ ಅಕ್ಷರಗಳಿಗಿರುವ ಅಂತರ ಒಂದೇ ಬಿಟ್. ‘1’ ಮತ್ತು ‘9’ ಅಂಕೆಗಳಿಗೂ ಅಷ್ಟೇ. ‘೧’ ಮತ್ತು ‘೯’ಕ್ಕೂ ಅಷ್ಟೇ. ಶಾಸನಪಾಠವನ್ನು ನಕಲಿಸುವಾಗ ಒಂದು ಬಿಟ್ ಹೊರಳಿದರೆ ಶಕ 1011 ಎಂಬುದು 1091 ಆಗಿ, ಎಂಬತ್ತು ವರ್ಷಗಳ ವ್ಯತ್ಯಾಸವು ಬಂದೀತು. ಓಲೆಗರಿಯ ಲಿಪಿಕಾರನ ತಪ್ಪನ್ನು ಪಾಠಾಂತರಗಳಿಂದ ಹಿಡಿಯಬಹುದು. ಇಲ್ಲಿ ಕೆಟ್ಟ ಪ್ರತಿಯಿಂದಲೇ ಮುಂದಿನ ಪ್ರತಿಗಳೆಲ್ಲ ಹುಟ್ಟುವದರಿಂದ ಹೋಲಿಸಲು ಬೇರೊಂದು ಪಾಠವೇ ಉಳಿಯದು.

ಆದುದರಿಂದ ಆಕಸ್ಮಿಕ ನಿಲುಗಡೆಯನ್ನು ಕಾಟವೆಂದು ಬಗೆಯದೆ ಎಚ್ಚರಿಕೆಯೆಂದು ತಿಳಿಯಬೇಕು. ಕಾರಣವು ನಿಶ್ಚಿತವಾಗುವ ತನಕ ಮುಖ್ಯ ಬರಹಗಳನ್ನು ಆ ಯಂತ್ರದಲ್ಲಿ ತೆರೆದು ಉಳಿಸಬಾರದು. ಹಳೆಯ ಪ್ರತಿಯೊಂದನ್ನು ಮುಟ್ಟದೆ ಬೇರೆ ಕಡೆ ಕಾದಿಡಬೇಕು. ದೋಷವು ನೀಗಿದ ಮೇಲೆ ಆ ಅವಧಿಯಲ್ಲಿ ಉಳಿಸಿದ ಬರಹಗಳನ್ನು ಮೂಲದೊಡನೆ ಒಮ್ಮೆ ಹೋಲಿಸಿ ನೋಡಬೇಕು.