ನಮಗೆ ಕೇಳಿದ ‘ಟೂ’ ಯಂತ್ರಕ್ಕೆ ಏಕೆ ಕೇಳಲಿಲ್ಲ?

ಮಕ್ಕಳೇ, ಮನೆಯಲ್ಲಿ ಯಾರಾದರೂ ಬ್ಯಾಂಕಿನ ಸಹಾಯವಾಣಿಗೆ ಫೋನ್ ಮಾಡಿದಾಗ “ಕನ್ನಡಕ್ಕಾಗಿ ಇಂಥ ಅಂಕಿಯನ್ನು ಒತ್ತಿ” ಎಂಬ ಧ್ವನಿಯನ್ನು ಕೇಳಿರುತ್ತೀರಿ. ಅಂಕಿ ಒತ್ತಿದೊಡನೆ ‘ಟೂ’ ಎಂಬ ಸದ್ದು ಬರುತ್ತದೆ. ಆ ಕಡೆ ಇರುವುದು ಮನುಷ್ಯರಲ್ಲ, ಯಂತ್ರ. ನೀವು ಒತ್ತಿದ ಅಂಕಿ ಯಾವುದೆಂದು ಅದಕ್ಕೆ ಹೇಗೆ ತಿಳಿಯುತ್ತದೆ?

ಒಂದಲ್ಲ, ಎರಡು ಸ್ವರ

ಆ ‘ಟೂ’ ಎಂಬುದು ಒಂದೇ ಸ್ವರವಲ್ಲ. ಎರಡು ಸ್ವರಗಳು ಒಟ್ಟಿಗೆ ನುಡಿಯುತ್ತವೆ. ಪ್ರತಿ ಅಡ್ಡಸಾಲಿಗೆ ಒಂದು ತಗ್ಗಿನ ಸ್ವರ, ಪ್ರತಿ ಕಂಬಸಾಲಿಗೆ ಒಂದು ಏರಿದ ಸ್ವರ ಇರುತ್ತದೆ. ಸ್ವರದ ಆವೃತ್ತಿಯನ್ನು, ಅಂದರೆ ಒಂದು ಸೆಕೆಂಡಿಗೆ ಎಷ್ಟು ಕಂಪನ ಎಂಬುದನ್ನು, ಹರ್ಟ್ಸ್‌ನಲ್ಲಿ ಅಳೆಯುತ್ತಾರೆ.

ಅಡ್ಡಸಾಲುಗಳು:
1, 2, 3 – 697 ಹರ್ಟ್ಸ್
4, 5, 6 – 770 ಹರ್ಟ್ಸ್
7, 8, 9 – 852 ಹರ್ಟ್ಸ್
*, 0, # – 941 ಹರ್ಟ್ಸ್

ಕಂಬಸಾಲುಗಳು:
1, 4, 7, * – 1209 ಹರ್ಟ್ಸ್
2, 5, 8, 0 – 1336 ಹರ್ಟ್ಸ್
3, 6, 9, # – 1477 ಹರ್ಟ್ಸ್

5 ಒತ್ತಿದರೆ 770 ಮತ್ತು 1336 ಹರ್ಟ್ಸ್‌ನ ಸ್ವರಗಳು ಕೂಡಿ ಬರುತ್ತವೆ. ಯಂತ್ರವು ಈ ಜೋಡಿಯನ್ನು ಗುರುತಿಸಿ 5 ಎಂದು ತಿಳಿಯುತ್ತದೆ. ನಮ್ಮ ಮಾತಿನಲ್ಲಿ ಸರಿಯಾಗಿ ಇಂಥ ಜೋಡಿ ಬರುವುದು ಅಪರೂಪ. ಆದ್ದರಿಂದ ಮಾತನ್ನು ಅಂಕಿಯೆಂದು ಯಂತ್ರ ತಪ್ಪು ತಿಳಿಯುವ ಸಂಭವ ಕಡಿಮೆ. ಅಮೆರಿಕದ ಬೆಲ್ ಸಂಸ್ಥೆಯು 1963ರ ನವೆಂಬರಿನಲ್ಲಿ ಈ ಪದ್ಧತಿಯನ್ನು ಜನರ ಬಳಕೆಗೆ ತಂದಿತು.

ಇಂಟರ್‌ನೆಟ್ ಕರೆಯಲ್ಲಿ ಏನಾಗುತ್ತದೆ?

ಇಂಟರ್‌ನೆಟ್ ಮೂಲಕ ಫೋನ್ ಮಾಡಿದಾಗ ಧ್ವನಿಯು ಸಂಖ್ಯೆಗಳಾಗಿ ಮಾರ್ಪಟ್ಟು, ಚಿಕ್ಕ ಚಿಕ್ಕ ಪ್ಯಾಕೆಟ್‌ಗಳಲ್ಲಿ ಸಾಗುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 50 ಪ್ಯಾಕೆಟ್. ಹಳೆಯ ಪದ್ಧತಿಯಲ್ಲಿ ಧ್ವನಿಗೆ ಸೆಕೆಂಡಿಗೆ 64 ಕಿಲೋಬಿಟ್ ಬೇಕು. ಅದನ್ನು ಅಡಕಗೊಳಿಸಿ 8 ಕಿಲೋಬಿಟ್‌ಗೆ ಇಳಿಸುವ ವಿಧಾನಗಳೂ ಇವೆ. ಆದರೆ ಇವುಗಳನ್ನು ರೂಪಿಸಿರುವುದು ಮನುಷ್ಯರ ಮಾತಿಗಾಗಿ. ಮಾತು ಚೆನ್ನಾಗಿ ಕೇಳುತ್ತದೆ. ಎರಡು ಸ್ವರಗಳ ಜೋಡಿ ಮಾತ್ರ ಕೆಡಬಹುದು.

ಇದಕ್ಕೆ ಒಂದು ಉಪಾಯವಿದೆ. ಸ್ವರವನ್ನು ಕಳಿಸುವ ಬದಲು “ಈಗ 5 ಒತ್ತಿದ್ದಾರೆ” ಎಂಬ ಸಂದೇಶವನ್ನೇ ಬೇರೆ ಪ್ಯಾಕೆಟ್‌ನಲ್ಲಿ ಕಳಿಸುವುದು. 2000ದಲ್ಲಿ ಇದಕ್ಕೆ ನಿಯಮಗಳು ಬಂದವು, 2006ರಲ್ಲಿ ಪರಿಷ್ಕೃತವಾದವು. ಅಂಕಿ ಒತ್ತುವುದು ಮುಗಿದಾಗ ಕೊನೆಯ ಸಂದೇಶವನ್ನು 3 ಸಲ ಕಳಿಸುತ್ತಾರೆ. ಒಂದು ದಾರಿಯಲ್ಲಿ ಕಳೆದರೂ ಇನ್ನೊಂದು ತಲುಪುತ್ತದೆ. ಮೂರಕ್ಕೂ ಒಂದೇ ಕಾಲದ ಗುರುತು ಇರುವುದರಿಂದ ಯಂತ್ರ ಅದನ್ನು ಒಂದೇ ಅಂಕಿಯೆಂದು ಎಣಿಸುತ್ತದೆ.

ಕಲಬುರಗಿಯಿಂದ ಕಮಲಾಪುರಕ್ಕೆ

ಒಮ್ಮೆ ನಾನು ಕಲಬುರಗಿ ನಗರದಿಂದ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಶಿಕ್ಷಕರೊಬ್ಬರಿಗೆ ಇಂಟರ್‌ನೆಟ್ ಕರೆ ಮಾಡಿ ಪರೀಕ್ಷಿಸಿದೆ. ಬಂದ ಅಂಕಿಗಳನ್ನು ತೋರಿಸುವ ಕಂಪ್ಯೂಟರ್ ಅವರ ಬಳಿ ಇತ್ತು.

ಮೊದಲ ಸಲ 1, 5, 9 ಒತ್ತಿದೆ. “ಸರ್, ‘ಟೂ ಟೂ’ ಕೇಳುತ್ತಿದೆ, ಆದರೆ ಪರದೆಯ ಮೇಲೆ ಏನೂ ಇಲ್ಲ” ಎಂದರು. ಸ್ವರ ಅಡಕವಾದ ಧ್ವನಿಯೊಳಗೆ ಸಾಗಿ ಕೆಟ್ಟಿತ್ತು. ಕಿವಿ ಅದನ್ನು ಸಹಿಸಿತು, ಯಂತ್ರ ಸಹಿಸಲಿಲ್ಲ.

ಎರಡನೆಯ ಸಲ ಧ್ವನಿಯನ್ನು ಅಡಕಗೊಳಿಸದೆ ಕಳಿಸಿದೆ. 1, 5, 9 ಸರಿಯಾಗಿ ಬಂದವು. ಇನ್ನಷ್ಟು ಭದ್ರವಾಗಲಿ ಎಂದು ಸಂದೇಶದ ವಿಧಾನವನ್ನೂ ಸೇರಿಸಿದೆ. ಆಗ ಬಂದದ್ದು 1, 1, 5, 5, 9, 9! ಸ್ವರದಿಂದ ಒಮ್ಮೆ, ಸಂದೇಶದಿಂದ ಇನ್ನೊಮ್ಮೆ ಯಂತ್ರ ಎಣಿಸಿತ್ತು. ಧ್ವನಿಯೊಳಗಿನ ಸ್ವರವನ್ನು ನಿಲ್ಲಿಸಿ, ಎರಡೂ ಕಡೆ ಸಂದೇಶದ ವಿಧಾನವೊಂದನ್ನೇ ಇಟ್ಟಾಗ ಎಲ್ಲವೂ ಸರಿಹೋಯಿತು.

ಇದು ಸಣ್ಣ ತಪ್ಪೆನಿಸಬಹುದು. ಆದರೆ ಅಜ್ಜಿ ಪಿಂಚಣಿ ವಿಚಾರಿಸಲು ಖಾತೆಯ ಸಂಖ್ಯೆ ಒತ್ತುತ್ತಿದ್ದರೆ? ಆಕೆ ಸರಿಯಾಗಿಯೇ ಒತ್ತಿದ್ದರೂ ಯಂತ್ರ “ತಪ್ಪು ಸಂಖ್ಯೆ” ಎನ್ನುತ್ತದೆ. ತಪ್ಪು ಅಜ್ಜಿಯದಲ್ಲ!

ಇಲ್ಲಿ ಎರಡು ಪಾಠಗಳಿವೆ. ಧ್ವನಿ ಸ್ಪಷ್ಟವಾಗಿದೆ ಎಂದ ಮಾತ್ರಕ್ಕೆ ಅಂಕಿಗಳೂ ತಲುಪಿವೆ ಎಂದು ತಿಳಿಯಬಾರದು. ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ದೋಷ ಹುಡುಕುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲಿತಾಂಶವನ್ನು ಬರೆದಿಟ್ಟುಕೊಳ್ಳಬೇಕು. ವಿಜ್ಞಾನದ ಎಲ್ಲ ಪ್ರಯೋಗಗಳಿಗೂ ಇದೇ ನಿಯಮ.

ಮಾಡಿ ನೋಡಿ

ಹಿರಿಯರ ಅನುಮತಿ ಪಡೆದು, ಕೀಲಿಗಳ ಸದ್ದು ಬರುವಂತಿರುವ ಮೊಬೈಲಿನಲ್ಲಿ ಅಂಕಿಗಳ ಫಲಕ ತೆರೆಯಿರಿ. ಕರೆಯ ಗುಂಡಿ ಒತ್ತಬೇಡಿ. 1, 2, 3 ಒಂದೊಂದಾಗಿ ಒತ್ತಿ. ಬಳಿಕ 1, 4, 7 ಒತ್ತಿ. ಯಾವ ಸ್ವರ ಬದಲಾಯಿತು, ಯಾವುದು ಹಾಗೆಯೇ ಉಳಿಯಿತು? ಮೇಲಿನ ಪಟ್ಟಿಯೊಂದಿಗೆ ಹೋಲಿಸಿ ನೋಡಿ.

ಯೋಚಿಸಿ: ಯಂತ್ರವು 4 ಅಂಕಿಗಳನ್ನು ಮಾತ್ರ ಸ್ವೀಕರಿಸುತ್ತದೆ. ನೀವು 2, 7, 0, 6 ಒತ್ತಿದಿರಿ. ಪ್ರತಿ ಅಂಕಿಯೂ ಎರಡೆರಡು ಸಲ ತಲುಪಿದರೆ ಯಂತ್ರ ಓದುವ ಸಂಖ್ಯೆ ಯಾವುದು?