ಓರೆ ಕವಚದ ಪ್ಯಾಂಥರ್

ಮಕ್ಕಳೇ, ಸೌತೆಕಾಯಿಯನ್ನು ನೇರವಾಗಿ ಹೆಚ್ಚಿದರೆ ಬಿಲ್ಲೆ ಗುಂಡಗಿರುತ್ತದೆ. ಓರೆಯಾಗಿ ಹೆಚ್ಚಿದರೆ ಉದ್ದವಾಗುತ್ತದೆ. ಏಕೆ? ಓರೆಯಾದಾಗ ಚಾಕು ಹೆಚ್ಚು ದೂರ ಸಾಗಬೇಕು. ಯುದ್ಧ ಟ್ಯಾಂಕಿನ ಉಕ್ಕಿನ ಕವಚದಲ್ಲೂ ಇದೇ ತತ್ವವಿದೆ.

1941ರಲ್ಲಿ ಸೋವಿಯತ್ ಒಕ್ಕೂಟದ ಮೇಲೆ ದಾಳಿ ಮಾಡಿದ ಜರ್ಮನ್ ಸೈನ್ಯಕ್ಕೆ ಓರೆ ಕವಚದ ಟಿ-34 ಟ್ಯಾಂಕುಗಳು ಎದುರಾದವು. ಅದಕ್ಕೆ ಉತ್ತರವಾಗಿ ಜರ್ಮನಿ 'ಪ್ಯಾಂಥರ್' ಎಂಬ ಮಧ್ಯಮ ಟ್ಯಾಂಕನ್ನು ರೂಪಿಸಿತು. ಅದರ ಮುಂಭಾಗದ ಕವಚ 80 ಮಿ.ಮೀ. ದಪ್ಪ, ಲಂಬರೇಖೆಯಿಂದ 55 ಡಿಗ್ರಿ ಓರೆ. ಆದ್ದರಿಂದ ನೆಲಕ್ಕೆ ಸಮಾಂತರವಾಗಿ ಬರುವ ಗುಂಡು ಸುಮಾರು 140 ಮಿ.ಮೀ. ಉಕ್ಕನ್ನು ಕೊರೆಯಬೇಕಿತ್ತು.

ಆದರೆ ಟ್ಯಾಂಕಿನ ತೂಕ ಸುಮಾರು 45 ಟನ್ನಿಗೆ ಏರಿತು. ಸರಪಳಿ ಪಟ್ಟಿಗಳನ್ನು ತಿರುಗಿಸುವ ಗಿಯರುಗಳು ಆ ಭಾರ ತಾಳಲಿಲ್ಲ. 1943ರ ಜುಲೈನಲ್ಲಿ ಕುರ್ಸ್ಕ್ ಕದನಕ್ಕೆ ಇಳಿದಾಗ ಹಲವು ಪ್ಯಾಂಥರ್‌ಗಳು ಕೆಟ್ಟು ನಿಂತವು. ಕವಚ ಗಟ್ಟಿಯಿದ್ದರೂ ನಿಂತ ಟ್ಯಾಂಕಿನೊಳಗಿನ ಐವರಿಗೆ ಅಪಾಯ ತಪ್ಪಲಿಲ್ಲ.

ಕವಚ ಇನ್ನೂ ದಪ್ಪವಾಗಿದ್ದರೆ ಏನಾಗುತ್ತಿತ್ತು? ಯೋಚಿಸಿ.